ಹಂಪಸಾಗರದ ಮಿಲ್ಟ್ರಿ ಬಡಿಗೇರರು

ಊರಿನ ಚರಿತ್ರೆ ಬರೆಯುವಾಗ ಗೌಡರು, ಕುಲಕರ್ಣಿಗಳು, ಸ್ವಾಮಿಗಳು, ಮೇಷ್ಟ್ರುಗಳ ಹೆಸರು ಬರುವುದು ವಾಡಿಕೆ. ಬಡಿಗೇರರು, ಕಮ್ಮಾರರ ಹೆಸರು ಬರುವುದು ಅಪರೂಪ. ಈ ಸಂಚಿಕೆಗೆ ಕಸುಬುದಾರರ ಬಗ್ಗೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಸಂತೋಷದಿಂದ ಒಪ್ಪಿಕೊಂಡೆ. ನಮ್ಮ ಅಪ್ಪ ಹಂಪಸಾಗರದ ಬಡಿಗೇರರು. 1971ರ ಯುದ್ಧದಲ್ಲಿ ದುಡಿದ ಸೈನಿಕರೂ ಹೌದು. ಅವರ ಬದುಕನ್ನು ಹೇಳಿದರೆ ಈ ಸೀಮೆಯ ಕಸುಬುದಾರರ ಒಂದು ತಲೆಮಾರಿನ ಕಥೆಯನ್ನೇ ಹೇಳಿದಂತೆ.

ಹಿಂದೆ ನಮ್ಮ ಭಾಗದ ಬಡಿಗತನ ನಡೆಯುತ್ತಿದ್ದುದು ಆಯದ ಮೇಲೆ. ವರ್ಷವಿಡೀ ರೈತರ ರಂಟೆ, ಕುಂಟೆ, ಕೂರಿಗೆ, ಬಂಡಿಗಳನ್ನು ಮಾಡಿಕೊಟ್ಟು, ಮುರಿದದ್ದನ್ನು ಸರಿಮಾಡಿಕೊಟ್ಟರೆ ಸುಗ್ಗಿಯಲ್ಲಿ ಕಣದಿಂದಲೇ ಜೋಳ ಅಳೆದು ಕೊಡುತ್ತಿದ್ದರು. ದುಡ್ಡಿನ ಮಾತು ಕಡಿಮೆ. ಬಿತ್ತಿಗೆ ಹತ್ತಿರವಾದಂತೆ ನಮ್ಮ ಮನೆ ಮುಂದೆ ಕೂರಿಗೆಗಳ ಸಾಲು ನಿಲ್ಲುತ್ತಿತ್ತು. ಕೂರಿಗೆ ನೋಡಲು ಸರಳ: ಕರಿಜಾಲಿಯ ದಿಂಡು, ಅದಕ್ಕೆ ಕೂರಿಸಿದ ತಾಳುಗಳು, ಬಿದಿರಿನ ಕೊಳವೆ, ಮೇಲೊಂದು ಬಟ್ಟಲು. ಆದರೆ ತಾಳು ತಾಳಿನ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸಾಲು ಕೆಡುತ್ತದೆ. ಸಾಲು ಕೆಟ್ಟರೆ ಮುಂದೆ ಎಡೆ ಹೊಡೆಯುವಾಗ ಕುಂಟೆ ಕಳೆಯ ಜೊತೆಗೆ ಪೈರನ್ನೂ ಕೊಯ್ಯುತ್ತದೆ. ಇಡೀ ಹೊಲದ ಬೆಳೆ ಬಡಿಗೇರನ ಉಳಿಯ ಮೊನೆಯ ಮೇಲೆ ನಿಂತಿರುತ್ತಿತ್ತು.

ಅಪ್ಪನ ಬಾಲ್ಯದಲ್ಲಿ ಈ ಸೀಮೆಯ ಮುಖವೇ ಬದಲಾಯಿತು. 1945ರಲ್ಲಿ ಶುರುವಾದ ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಿತು. ಹಿನ್ನೀರಿನಲ್ಲಿ ಹತ್ತಾರು ಹಳ್ಳಿಗಳು ಮುಳುಗಿದವು. ಸಾವಿರಾರು ಮನೆಗಳವರು ಹೊಲ, ಗುಡಿ, ಗೋರಿ ಎಲ್ಲವನ್ನೂ ಬಿಟ್ಟು ಎದ್ದರು. ಅದೇ ವರ್ಷ ಅಕ್ಟೋಬರ್ 1ರಂದು ಆಗಿನ ಬಳ್ಳಾರಿ ಜಿಲ್ಲೆಯ ನಮ್ಮ ತಾಲ್ಲೂಕುಗಳು ಮದ್ರಾಸ್ ಆಡಳಿತದಿಂದ ಮೈಸೂರು ರಾಜ್ಯಕ್ಕೆ ಸೇರಿದವು. ಮುಂದೆ ಕಬ್ಬಿಣದ ನೇಗಿಲು ಬಂತು, ಟ್ರ್ಯಾಕ್ಟರ್ ಬಂತು. ಆಯ ವರ್ಷದಿಂದ ವರ್ಷಕ್ಕೆ ಸಣ್ಣದಾಯಿತು. ಕಸುಬಿನ ಮನೆಗಳ ಹುಡುಗರು ಬೇರೆ ದಾರಿ ನೋಡಬೇಕಾಯಿತು.

ಅಪ್ಪನಿಗೆ ಸಿಕ್ಕ ದಾರಿ ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಮದ್ರಾಸ್ ಎಂಜಿನಿಯರ್ ಗ್ರೂಪ್. ಜನರ ಬಾಯಲ್ಲಿ ಅದು ಮದ್ರಾಸ್ ಸ್ಯಾಪರ್ಸ್. 1780ರಲ್ಲಿ ಹುಟ್ಟಿದ ಈ ಪಡೆಯ ಕೆಲಸ ಸೇತುವೆ ಕಟ್ಟುವುದು, ದಾರಿ ಮಾಡುವುದು, ಶತ್ರು ಹೂತಿಟ್ಟ ಮೈನುಗಳನ್ನು ತೆಗೆಯುವುದು. ಬಂದೂಕು ಹಿಡಿದವರ ಜೊತೆಗೆ ಗರಗಸ, ಸುತ್ತಿಗೆ, ಕರಣೆ ಹಿಡಿದವರೂ ಅಲ್ಲಿ ಬೇಕು. ಬಡಿಗ, ಕಮ್ಮಾರ, ಗೌಂಡಿ ಕೆಲಸ ಬಲ್ಲ ದಕ್ಷಿಣದ ಹುಡುಗರಿಗೆ ಅದು ತವರಿನಂತಿತ್ತು. ಅಲ್ಲಿ ಅವರನ್ನು ಪ್ರೀತಿಯಿಂದ ‘ತಂಬಿ’ಗಳೆಂದು ಕರೆಯುತ್ತಾರೆ. ಅಜ್ಜನಿಂದ ಕಲಿತ ಬಾಚಿ ಕೆಲಸವನ್ನೇ ಅಪ್ಪ ಅಲ್ಲಿ ನಕ್ಷೆ ಓದಿ, ಇಂಚು ಅಳೆದು ಮಾಡಲು ಕಲಿತರು.

1971ರ ಡಿಸೆಂಬರ್‌ನಲ್ಲಿ ಅವರು ಪಶ್ಚಿಮ ಗಡಿಯಲ್ಲಿದ್ದರು. ಶಕರ್‌ಗಢ ವಲಯದ ಬಸಂತರ್ ನದಿಯ ಕಾಳಗ ಎಲ್ಲರಿಗೂ ಗೊತ್ತಿರುವುದು ಪೂನಾ ಹಾರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಅವರ ಬಲಿದಾನದಿಂದ, ಅವರಿಗೆ ಸಂದ ಪರಮವೀರ ಚಕ್ರದಿಂದ. ಪೂನಾ ಹಾರ್ಸ್ ಪಡೆಯ ಟ್ಯಾಂಕುಗಳು ದಾಟಲು ಮೈನುಗಳ ನಡುವೆ ದಾರಿ ತೆರೆದವರು ಮದ್ರಾಸ್ ಸ್ಯಾಪರ್ಸ್‌ನ 9ನೇ ಎಂಜಿನಿಯರ್ ರೆಜಿಮೆಂಟಿನವರು. ಆ ಕೆಲಸದಲ್ಲೇ ಪ್ರಾಣ ಕೊಟ್ಟ ಮೇಜರ್ ವಿಜಯ್ ರತನ್ ಚೌಧರಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಅಪ್ಪ ಯುದ್ಧದ ಮಾತನ್ನು ತಾವಾಗಿ ಎತ್ತುತ್ತಿರಲಿಲ್ಲ. ಒತ್ತಾಯ ಮಾಡಿದರೆ ಮೈನು ಹುಡುಕುವ ಬಗೆಯನ್ನಷ್ಟೇ ಹೇಳುತ್ತಿದ್ದರು. ನೆಲಕ್ಕೆ ಮೈ ಚಾಚಿ, ಚೂಪಾದ ಸಲಾಕೆಯನ್ನು ಓರೆಯಾಗಿ, ಮೆಲ್ಲಗೆ ಮಣ್ಣಿಗೆ ಇಳಿಸಬೇಕು. ನೆಟ್ಟಗೆ ಚುಚ್ಚಿದರೆ ಅದು ನೆತ್ತಿಗೆ ತಾಕಿ ಮೈನು ಸಿಡಿಯಬಹುದು. ಓರೆಯಾಗಿ ಹೋದರೆ ಪಕ್ಕೆಗೆ ತಾಕಿ ಕೈಗೆ ಸುಳಿವು ಕೊಡುತ್ತದೆ. ‘ಮರದಾಗ ಗಂಟು ಎಲ್ಲೈತಿ ಅಂತ ಕೈಗೆ ತಿಳೀತೈತಲ್ಲ, ಹಂಗ’ ಎಂದು ಹೇಳಿ ಸುಮ್ಮನಾಗುತ್ತಿದ್ದರು.

ನಿವೃತ್ತರಾಗಿ ಊರಿಗೆ ಬಂದ ಅಪ್ಪ ಪಿಂಚಣಿ ನೆಚ್ಚಿ ಕೂರಲಿಲ್ಲ. ಅಜ್ಜನ ಚಪ್ಪರದಲ್ಲೇ ಮತ್ತೆ ಬಾಚಿ ಹಿಡಿದರು. ಊರವರು ಅವರನ್ನು ‘ಮಿಲ್ಟ್ರಿ ಬಡಿಗೇರರು’ ಎಂದೇ ಕರೆದರು. ಬಂಡಿ ಗಾಲಿಗೆ ಹಳಿ ಏರಿಸುವ ದಿನ ಚಪ್ಪರದ ಮುಂದೆ ಜನ ಸೇರುತ್ತಿತ್ತು. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾದ ಕಬ್ಬಿಣದ ಹಳಿಯನ್ನು ಕಮ್ಮಾರರ ಜೊತೆ ಇಕ್ಕಳದಲ್ಲಿ ಎತ್ತಿ ಗಾಲಿಗೆ ಕೂರಿಸಬೇಕು. ಮರ ಹೊತ್ತಿಕೊಳ್ಳುವ ಮೊದಲೇ ಸುತ್ತಲೂ ನೀರು ಸುರಿಯಬೇಕು. ಹಳಿ ಕುಗ್ಗಿ ಬಿಗಿದಾಗ ಗಾಲಿಯ ಕೀಲುಗಳೆಲ್ಲ ಲಟಲಟನೆ ಸದ್ದು ಮಾಡುತ್ತಿದ್ದವು. ಆ ಸದ್ದು ಕೇಳಿಯೇ ಅಪ್ಪ ಗಾಲಿ ಎಷ್ಟು ವರ್ಷ ಬಾಳುತ್ತದೆಂದು ಹೇಳುತ್ತಿದ್ದರು.

ಅವರು ಊರಿಗೆ ಮಾಡಿದ ದೊಡ್ಡ ಉಪಕಾರ ಬೇರೆಯೇ ಇದೆ. ನಮ್ಮಲ್ಲಿ ಬಡಿಗತನ ತಂದೆಯಿಂದ ಮಗನಿಗೆ ಇಳಿಯುತ್ತಿದ್ದ ವಿದ್ಯೆ. ಹೊರಗಿನವರಿಗೆ ಹೇಳಿಕೊಡುವ ಪದ್ಧತಿ ಇರಲಿಲ್ಲ. ಅಪ್ಪ ಯಾವ ಕೇರಿಯ ಹುಡುಗ ಬಂದರೂ ಬಾಚಿ ಕೊಟ್ಟು ಕೂರಿಸಿದರು. ಮನೆಯ ಹಿರಿಯರು ಆಕ್ಷೇಪಿಸಿದಾಗ, ‘ಮಿಲ್ಟ್ರಿಯಾಗ ಒಂದ ಲಂಗರಿನಾಗ ಉಂಡಾವ್ರು ನಾವು, ಇಲ್ಲಿ ಯಾರ ಜಾತಿ ಕೇಳ್ಲಿ?’ ಎಂದರು. ಅವರ ಕೈಕೆಳಗೆ ಕಲಿತವರು ಇವತ್ತು ಹಗರಿಬೊಮ್ಮನಹಳ್ಳಿಯಲ್ಲಿ, ಹೊಸಪೇಟೆಯಲ್ಲಿ ಬಾಗಿಲು, ಕಿಟಕಿ ಮಾಡಿ ಸಂಸಾರ ನಡೆಸುತ್ತಿದ್ದಾರೆ. ಸೈನ್ಯದ ಮೆಡಲುಗಳಿಗಿಂತ ನನಗೆ ಇದೇ ದೊಡ್ಡದು.

ಕಸುಬಿನ ಬೆಲೆ ಹಳೆಯದಾಗುವುದಿಲ್ಲ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರರ ತೇರು ಉರುಳಿದ ದಿನವನ್ನು ನಮ್ಮ ಸೀಮೆಯವರು ಮರೆತಿಲ್ಲ. ಸಾವಿರಾರು ಜನ ಎಳೆಯುವ ತೇರಿನ ಅಚ್ಚು, ಗಾಲಿ ನೋಡಿ ಹೇಳಬಲ್ಲ ಕೈಗಳು ಪ್ರತಿ ಊರಿಗೂ ಬೇಕು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಇದೆ. ತರಬೇತಿ, ಉಪಕರಣಕ್ಕೆ 15,000 ರೂಪಾಯಿ ನೆರವು, ಕಡಿಮೆ ಬಡ್ಡಿಯ ಸಾಲ ಸಿಗುತ್ತದೆ. ನಮ್ಮ ಹುಡುಗರು ಇದನ್ನು ಬಳಸಿಕೊಳ್ಳಬೇಕು.

ಊರಿನ ಹಿರಿಯರಲ್ಲಿ ನನ್ನದೊಂದು ವಿನಂತಿ. ಹಂಪಸಾಗರ ಮತ್ತು ಸುತ್ತಲಿನ ಹಳ್ಳಿಗಳಿಂದ ಸೈನ್ಯಕ್ಕೆ ಹೋದವರ ಹೆಸರು, ಪಡೆ, ಸೇವೆಯ ವರ್ಷಗಳನ್ನೂ ಕಸುಬಿನ ಮನೆತನಗಳ ವಿವರವನ್ನೂ ಒಂದೇ ಪುಸ್ತಕದಲ್ಲಿ ಬರೆಸಿ ಗ್ರಂಥಾಲಯದಲ್ಲಿ ಇಡೋಣ. ನಿಮ್ಮ ಮನೆಯ ಡಿಸ್ಚಾರ್ಜ್ ಪುಸ್ತಕ, ಹಳೆಯ ಫೋಟೊ, ಅಟ್ಟದ ಮೇಲಿನ ಕೂರಿಗೆ ಯಾವುದನ್ನೂ ಗುಜರಿಗೆ ಹಾಕಬೇಡಿ. ಹೇಳಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.