ಹಗೇವಿನ ಬಾಯಿ ಮುಚ್ಚಿದ ಓಣಿ

ಕಳೆದ ಶ್ರಾವಣದಲ್ಲಿ ಯಲ್ಲಾಲಿಂಗ ಮಹಾರಾಜರ ಮಠದ ದರ್ಶನಕ್ಕೆಂದು ಮುಗಳಖೋಡಕ್ಕೆ ಹೋಗಿದ್ದೆ. ದರ್ಶನ ಮುಗಿಸಿ ಹುಟ್ಟಿದ ಓಣಿಗೆ ಕಾಲಿಟ್ಟಾಗ ಅಲ್ಲಿ ಜನ ಗುಂಪುಗೂಡಿದ್ದರು. ಇಟ್ಟಿಗೆ ಹೇರಿದ್ದ ಟ್ರ್ಯಾಕ್ಟರಿನ ಹಿಂದಿನ ಗಾಲಿ ರಸ್ತೆಯಲ್ಲಿ ಕುಸಿದು, ಅದನ್ನು ಎತ್ತಿದ ಮೇಲೆ ಅಲ್ಲೊಂದು ಕರಿಯ ಬಾಯಿ ತೆರೆದುಕೊಂಡಿತ್ತು. ಬಗ್ಗಿ ನೋಡಿದ ಹುಡುಗನೊಬ್ಬನ ಮೊಬೈಲು ಒಳಗೆ ಬಿದ್ದು, ಅದರ ಬೆಳಕು ತಳದಲ್ಲಿ ಇನ್ನೂ ಹೊಳೆಯುತ್ತಿತ್ತು. ಹುಡುಗ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದ.

"ಇಳೀಬ್ಯಾಡಪಾ, ಮೊದಲ ದೀಪಾ ಬಿಡ್ರಿ" ಎಂದು ಕೂಗಿದೆ.

"ಒಳಗ ಬೆಳಕ ಅದ ಅಲ್ರಿ ಸರ್" ಎಂದು ಆತ ನಕ್ಕ.

ಮೊಬೈಲಿನ ಬೆಳಕಿಗೆ ಗಾಳಿ ಬೇಕಿಲ್ಲ, ಮನುಷ್ಯನಿಗೆ ಬೇಕು. ಒಂದು ಮೇಣದಬತ್ತಿ ತರಿಸಿ, ಬಕೆಟ್ಟಿನಲ್ಲಿಟ್ಟು ಹಗ್ಗದಿಂದ ಇಳಿಬಿಟ್ಟೆವು. ಒಂದಾಳು ಆಳಕ್ಕೆ ಹೋಗುವಷ್ಟರಲ್ಲಿ ಬತ್ತಿ ನಂದಿತು. ಮತ್ತೆ ಹಚ್ಚಿ ಬಿಟ್ಟೆವು, ಮತ್ತೆ ನಂದಿತು. ಹುಡುಗ ಮಾತಾಡದೆ ಸೊಂಟದ ಹಗ್ಗ ಬಿಚ್ಚಿದ.

ಅದು ನಮ್ಮ ಮನೆಯ ಹಗೇವು. ಆತ್ಮೀಯ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮಲ್ಲಿ ಅನೇಕರು ಈ ಶಬ್ದವನ್ನೇ ಕೇಳಿರಲಾರಿರಿ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು 1955ರಲ್ಲಿ, ಮುಂಬಯಿ ರಾಜ್ಯದಲ್ಲಿ. ನಡೆಯಲು ಕಲಿತದ್ದು 1956ರ ನವೆಂಬರ್ 1ರ ನಂತರ, ಮೈಸೂರು ರಾಜ್ಯದಲ್ಲಿ. ನೌಕರಿ ಮಾಡಿದ್ದು 1973ರಲ್ಲಿ ಹೆಸರು ಬದಲಾದ ಕರ್ನಾಟಕದಲ್ಲಿ. ತಾಲೂಕಿನ ಊರಾದ ರಾಯಬಾಗವಂತೂ 1949ರವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಇಷ್ಟೆಲ್ಲ ಬದಲಾದರೂ ನಮ್ಮ ಓಣಿಯ ಬದುಕು ಹಿಂಗಾರಿ ಜೋಳವನ್ನು ನಂಬಿಕೊಂಡು ಹಾಗೆಯೇ ನಡೆದಿತ್ತು. ಉತ್ತರಿ, ಹಸ್ತಾ ಮಳೆಗೆ ಬಿತ್ತಿಗೆ, ಮಾಘ–ಫಾಲ್ಗುಣಕ್ಕೆ ಸುಗ್ಗಿ, ಕಣದಲ್ಲಿ ರಾಶಿ, ರಾಶಿಯಿಂದ ಹಗೇವಿಗೆ. ಮಣ್ಣಿನ ಮೇಲ್ಮುದ್ದಿಯ ಮನೆಗಳು, ಮನೆಯ ಮುಂದೆ ಕಟ್ಟೆ, ಕಟ್ಟೆಯ ಮುಂದೆ ನೆಲದೊಳಗೆ ಹಗೇವು. ನಾವು ಗೋಲಿಯಾಡುತ್ತಿದ್ದುದು ಮುಂದಿನ ವರ್ಷದ ರೊಟ್ಟಿಯ ಮೇಲೆಯೇ ಎಂದರೆ ತಪ್ಪಾಗದು.

ಹಗೇವಿನ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು; ಹೊಟ್ಟೆ ಮಾತ್ರ ಗಡಿಗೆಯಂತೆ ಅಗಲ. ಒಳಸುತ್ತಿಗೆ ಜೋಳದ ರವದಿ ಹಾಸಿ, ಕಾಳು ತುಂಬಿ, ಮೇಲೆ ಹೊಟ್ಟು ಹರಡಿ, ಹಾಸುಗಲ್ಲು ಮುಚ್ಚಿ, ಮಣ್ಣು ಮೆತ್ತಿ ಬಿಡುತ್ತಿದ್ದರು. ಒಳಗಿನ ಕಾಳೂ ಉಸಿರಾಡುತ್ತದೆ. ಅದು ಆಮ್ಲಜನಕವನ್ನು ಹೀರಿಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಹುಳ ಬದುಕುವುದಿಲ್ಲ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಹುಳವನ್ನು ಕೊಲ್ಲುವ ಆ ಗಾಳಿಯೇ ಅರಿಯದೆ ಇಳಿದ ಮನುಷ್ಯನನ್ನೂ ಕೊಲ್ಲುತ್ತದೆ. ನಮ್ಮ ಹಿರಿಯರು ರಸಾಯನಶಾಸ್ತ್ರ ಓದಿದವರಲ್ಲ. ಆದರೆ ಕಲ್ಲು ಸರಿಸಿದ ದಿನ ಯಾರನ್ನೂ ಇಳಿಸುತ್ತಿರಲಿಲ್ಲ. ಮರುದಿನ ಚಿಮಣಿ ಬಿಟ್ಟು, ಅದು ಉರಿದರೆ ಮಾತ್ರ ಆಳು ಇಳಿಯುತ್ತಿದ್ದ.

ಆ ಆಳಿನ ಮಾತನ್ನೂ ಹೇಳದಿದ್ದರೆ ಇದು ಅರ್ಧ ಇತಿಹಾಸವಾದೀತು. ನಮ್ಮ ಹಗೇವಿಗೆ ಇಳಿಯುತ್ತಿದ್ದವರು ಊರ ಹೊರಗಿನ ಕೇರಿಯ ಒಬ್ಬರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರಿಗೆ ಹೊಲವಿರಲಿಲ್ಲ, ಹಗೇವೂ ಇರಲಿಲ್ಲ. ಗೋಡೆಗೆ ಅಂಟಿ ತಂಪು ಹತ್ತಿ ಕಪ್ಪಾದ ಮುಗ್ಗು ಜೋಳವೇ ಅವರ ಕೂಲಿ. ಪ್ರಾಣವನ್ನು ಪಣಕ್ಕಿಟ್ಟು ಕಾಳು ತೆಗೆದವರು ನಮ್ಮ ಪಡಸಾಲೆಯಲ್ಲಿ ಒಂದು ದಿನವೂ ಕುಳಿತು ಉಣ್ಣಲಿಲ್ಲ. ಆಗ ಅದು ನನಗೆ ತಪ್ಪೆಂದು ತೋರಿರಲಿಲ್ಲ.

1972ರ ಬರದಲ್ಲಿ ನನಗೆ ಹದಿನೇಳು ವರ್ಷ. ಹಿಂಗಾರಿ ಕೈಕೊಟ್ಟಿತ್ತು, ದನಗಳಿಗೆ ಕಣಿಕೆ ಇರಲಿಲ್ಲ, ಜನ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದರು. ಅಪ್ಪ ಹಗೇವು ತೆಗೆಸಿದರು. ಚಿಮಣಿ ಎರಡು ಸಲ ನಂದಿತು. ಕಾಕಾ ಸಂಜೆಯವರೆಗೆ ಬಾಯಿಯ ಹತ್ತಿರವೇ ಕುಳಿತಿದ್ದು, ಮೂರನೆಯ ಸಲ ದೀಪ ನಿಂತ ಮೇಲೆ ಇಳಿದರು. ಓಣಿಯ ಮನೆಗಳಿಗೆ ಅಳೆದು ಕಡ ಕೊಟ್ಟಾಯಿತು. ಕೊನೆಗೆ ಕಾಕಾ ರೂಢಿಯಂತೆ ಕಪ್ಪು ಜೋಳಕ್ಕೆ ಸೆರಗೊಡ್ಡಿದಾಗ ಅವ್ವ ತಡೆದಳು. "ಅದು ಬ್ಯಾಡೋ ಯಪ್ಪಾ, ನಡುವಿಂದ ತಗೋ" ಎಂದಳು. ಅಪ್ಪ ಏನೂ ಅನ್ನಲಿಲ್ಲ. ನನ್ನ ಮುಂದಿನ ವರ್ಷಗಳಲ್ಲಿ ನಾಗರಿಕಶಾಸ್ತ್ರದ ಸಮಾನತೆಯ ಪಾಠ ಮಾಡುವಾಗಲೆಲ್ಲ ನನಗೆ ನೆನಪಾದದ್ದು ಪುಸ್ತಕವಲ್ಲ, ಅವ್ವನ ಆ ಮಾತು.

ಹಗೇವನ್ನು ಬರಿದು ಮಾಡಿದ್ದು ಬರವಲ್ಲ, ನೀರು. ಘಟಪ್ರಭೆಗೆ ಧೂಪದಾಳದಲ್ಲಿ 1897ರಲ್ಲೇ ಒಡ್ಡು ಬಂದಿತ್ತು. ಆದರೆ ಒಡ್ಡು ಹರಿಯುವ ನೀರನ್ನು ತಿರುಗಿಸುತ್ತದೆಯೇ ಹೊರತು ಬೇಸಿಗೆಗೆಂದು ಕೂಡಿಡುವುದಿಲ್ಲ. 1977ರಲ್ಲಿ ಹಿಡಕಲ್ ಜಲಾಶಯ ಪೂರ್ಣಗೊಂಡ ಮೇಲೆ ಸುಮಾರು 51 ಟಿಎಂಸಿ ನೀರು ನಿಲ್ಲುವಂತಾಯಿತು. ಎಡದಂಡೆ ಕಾಲುವೆಗೆ ಬಲ ಬಂತು. ವರ್ಷವಿಡೀ ಹೊಲದಲ್ಲಿ ನಿಲ್ಲುವ ಕಬ್ಬು, ನಾಲ್ಕು ತಿಂಗಳ ಜೋಳದ ಜಾಗವನ್ನು ಹಿಡಿಯಿತು. ಉಗಾರದ ಕಾರ್ಖಾನೆ 1939ರಿಂದಲೇ ಇತ್ತು. ಆಮೇಲೆ ಸುತ್ತಮುತ್ತ ಇನ್ನೂ ಹಲವು ಬಂದವು. ಸುಗ್ಗಿಯೆಂದರೆ ರಾಶಿಯಲ್ಲ, ಕಾರ್ಖಾನೆಯ ಬಿಲ್ಲು ಎಂದಾಯಿತು. ಬಿಲ್ಲನ್ನು ಹಗೇವಿನಲ್ಲಿ ತುಂಬಲಾಗದು.

ಇದನ್ನು ದೂರುವ ಅಧಿಕಾರ ನನಗಿಲ್ಲ. ನನ್ನ ತಮ್ಮಂದಿರು ಓದಿದ್ದು ಕಬ್ಬಿನ ಹಣದಿಂದ. ಕಾಕಾನ ಮಕ್ಕಳು ಹಗೇವಿಗೆ ಇಳಿಯದೆ ಶಾಲೆಗೆ ಬಂದು ನನ್ನ ಮುಂದೆಯೇ ಕುಳಿತರು. ಅದು ಸಣ್ಣ ಮಾತಲ್ಲ.

ಆದರೆ ಒಂದು ತಪ್ಪು ನನ್ನದಿದೆ. ಓಣಿಗೆ ಗಟ್ಟಿ ರಸ್ತೆ ಬರುವಾಗ ಹಗೇವುಗಳನ್ನು ಮುಚ್ಚಬೇಕೆಂದು ಹಿರಿಯರನ್ನು ಒಪ್ಪಿಸಿದವನು ನಾನು. ಕಾಗದಕ್ಕೆ ಮೊದಲ ಸಹಿಯೂ ನನ್ನದೇ. "ಒಳಗ ಮಣ್ಣ ತುಂಬಿಸಿದಿರೇನೋ?" ಎಂದು ಅವ್ವ ಕೇಳಿದ್ದಳು. ನಾನು ನೋಡದೆಯೇ "ಹೂಂ" ಅಂದೆ. ಹಾಸುಗಲ್ಲಿನ ಮೇಲೆ ಗರಸು ಹಾಕಿದ್ದರು, ಅಷ್ಟೇ. ಒಳಗೆ ಕೊಳೆತ ಹೊಟ್ಟು, ಇಂಗಿದ ಮಳೆನೀರು, ಸತ್ತ ಗಾಳಿ ಅಷ್ಟೂ ವರ್ಷ ಹಾಗೆಯೇ ಉಳಿದಿದ್ದವು. ಹಗೇವು ಮುಚ್ಚಿದ್ದು ತಪ್ಪಲ್ಲ. ಅರೆಬರೆ ಮುಚ್ಚಿ, ಅದು ಅಲ್ಲಿದೆಯೆಂಬುದನ್ನು ಮಕ್ಕಳಿಗೆ ಹೇಳದೆ ಬಿಟ್ಟದ್ದು ತಪ್ಪು. ಕಳೆದ ಶ್ರಾವಣದಂದು ನಾನು ಊರಿಗೆ ಹೋಗುವುದು ಒಂದು ತಾಸು ತಡವಾಗಿದ್ದರೆ ಆ ತಪ್ಪಿಗೆ ಒಂದು ಮನೆ ಬೆಲೆ ತೆರುತ್ತಿತ್ತು.

ಮರುದಿನ ನಿಂತು ಮಣ್ಣು ಹಾಕಿಸಿದೆ. ಮೊಬೈಲು ಒಳಗೇ ಉಳಿಯಿತು. ಆ ಹುಡುಗನಿಗೆ ಬೇರೆಯದನ್ನು ಕೊಡಿಸಿದೆ. ಆತನ ಮನೆ ಯಾವುದೆಂದು ಕೇಳಿದಾಗ, ಆತ ಕಾಕಾನ ಮರಿಮಗನೆಂದು ತಿಳಿಯಿತು. ಇಬ್ಬರೂ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ರೊಟ್ಟಿ ಉಂಡೆವು. ಜೋಳ ಅಂಗಡಿಯದು.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಈ ಸಲ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೇಳಿರಿ: ನಮ್ಮ ಹಗೇವು ಎಲ್ಲಿತ್ತು? ಅದನ್ನು ತುಂಬಿಸಿದ್ದೀರೋ, ಬರೀ ಮುಚ್ಚಿದ್ದೀರೋ? ಅದಕ್ಕೆ ಇಳಿಯುತ್ತಿದ್ದವರು ಯಾರು? ಮೂರಕ್ಕೂ ಉತ್ತರ ಬರೆದಿಡಿರಿ.