ಹೆಬ್ಬೆಟ್ಟಿನ ಪ್ರಯಾಣ: ಜಂಗೀಪುರದಿಂದ ಇಮಿಗ್ರೇಷನ್ ಕೌಂಟರ್‌ವರೆಗೆ

ಹೊರದೇಶಕ್ಕೆ ಹೋದಾಗ ಪೊಲೀಸರು ತಡೆದು ನಿಲ್ಲಿಸಿದರೆ ಏನು ಮಾಡಬೇಕು ಅನ್ನೋದು ಇವತ್ತಿನ ವಿಷಯ. ನನಗೇ ಆದ ಒಂದು ಪ್ರಸಂಗದಿಂದ ಶುರು ಮಾಡ್ತೀನಿ. ಅಲ್ಲಿಂದ ಇತಿಹಾಸಕ್ಕೆ ಹೋಗಿ, ಕೊನೆಗೆ ಓಖ್ಲಾದ ನಮ್ಮ ಮನೆ ಬಾಗಿಲಿಗೇ ವಾಪಸ್ ಬರೋಣ.

ಆಫೀಸ್ ಕೆಲಸಕ್ಕೆ ಅಂತ ಮೊದಲ ಸಲ ಜಪಾನಿಗೆ ಹೋಗಿದ್ದೆ. ಒಂದು ಭಾನುವಾರ ಸಂಜೆ ರೈಲು ನಿಲ್ದಾಣದ ಹೊರಗೆ ನಿಂತು ಮೊಬೈಲಿನಲ್ಲಿ ದಾರಿ ನೋಡ್ತಿದ್ದೆ. ಇಬ್ಬರು ಪೊಲೀಸರು ಬಂದು, ತಲೆ ಬಗ್ಗಿಸಿ ನಮಸ್ಕರಿಸಿ, ಪಾಸ್‌ಪೋರ್ಟ್ ಕೇಳಿದರು. ಪಾಸ್‌ಪೋರ್ಟ್ ಹೋಟೆಲಿನ ಲಾಕರ್‌ನಲ್ಲಿತ್ತು. ಕಳೆದುಹೋಗಬಾರದು ಅಂತ ನಾನೇ ಜೋಪಾನವಾಗಿ ಇಟ್ಟು ಬಂದಿದ್ದೆ. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಸಾಲದು ಅಂದರು. ಜಪಾನಿನಲ್ಲಿ ಪ್ರವಾಸಿಗರು ಅಸಲಿ ಪಾಸ್‌ಪೋರ್ಟನ್ನು ಯಾವಾಗಲೂ ಜೊತೆಯಲ್ಲೇ ಇಟ್ಟುಕೊಂಡಿರಬೇಕು. ಇಲ್ಲದಿದ್ದರೆ 1 ಲಕ್ಷ ಯೆನ್‌ವರೆಗೆ ದಂಡ ಹಾಕಬಹುದು. ನನಗೆ ಅದು ಗೊತ್ತಿರಲಿಲ್ಲ.

ದಂಡವೇನೂ ಹಾಕಲಿಲ್ಲ. ನನ್ನ ಜೊತೆ ಹೋಟೆಲ್‌ವರೆಗೆ ನಡೆದುಬಂದು, ಪಾಸ್‌ಪೋರ್ಟ್ ನೋಡಿ, ಮತ್ತೆ ತಲೆ ಬಗ್ಗಿಸಿ ಹೋದರು. ಒಂದು ಗಡಸು ಮಾತಿಲ್ಲ. ಆದರೂ ಆ ಹದಿನೈದು ನಿಮಿಷದ ನಡಿಗೆಯಲ್ಲಿ ರಸ್ತೆಯ ಜನರೆಲ್ಲ ನನ್ನನ್ನೇ ನೋಡ್ತಿದ್ದಾರೆ ಅನ್ನಿಸ್ತು. ರಾತ್ರಿ ನಿದ್ದೆ ಬರಲಿಲ್ಲ. ನಾನೇನು ಕಳ್ಳನಾ?

ಇದೇ ಪ್ರಶ್ನೆ ಆಮೇಲೆ ಇನ್ನೊಬ್ಬರ ಬಾಯಿಂದ ಕೇಳಿಬಂತು. ಅದನ್ನ ಕೊನೆಗೆ ಹೇಳ್ತೀನಿ.

ಜಪಾನಿನ ವಿಮಾನ ನಿಲ್ದಾಣದಲ್ಲಿ ಇಳಿದ ತಕ್ಷಣ ಎರಡು ತೋರುಬೆರಳುಗಳ ಗುರುತು ಕೊಡಬೇಕು. 2007ರ ನವೆಂಬರ್‌ನಿಂದ ಈ ಪದ್ಧತಿ ಇದೆ. ಅಮೆರಿಕ 2004ರಲ್ಲೇ ಶುರು ಮಾಡಿತ್ತು. ಮೊದಲು ಎರಡು ಬೆರಳು, ಆಮೇಲೆ ಹತ್ತೂ. ಇದೇನೋ ಹೊಸ ಕಾಲದ, ಪಶ್ಚಿಮದ ತಂತ್ರಜ್ಞಾನ ಅಂತ ನಾನು ತಿಳಿದಿದ್ದೆ. ಅಲ್ಲ. ಇದರ ಬೇರು ಇರೋದು ನಮ್ಮ ದೇಶದಲ್ಲೇ.

1858. ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯ ಜಂಗೀಪುರ. ವಿಲಿಯಂ ಹರ್ಷಲ್ ಅನ್ನೋ ಬ್ರಿಟಿಷ್ ಅಧಿಕಾರಿ ರಸ್ತೆಗೆ ಸಾಮಗ್ರಿ ಒದಗಿಸಲು ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನ ಜೊತೆ ಕರಾರು ಮಾಡಿಕೊಂಡ. ಸಹಿ ಹಾಕಿದವನು ನಾಳೆ "ಇದು ನನ್ನ ಸಹಿಯೇ ಅಲ್ಲ" ಅಂದರೆ? ಹಾಗಾಗಿ ಕೊನಾಯಿಯ ಇಡೀ ಅಂಗೈಗೆ ಮಸಿ ಬಳಿದು ಕಾಗದದ ಮೇಲೆ ಒತ್ತಿಸಿದ. ಆಗ ಅದರಲ್ಲಿ ವಿಜ್ಞಾನ ಏನೂ ಇರಲಿಲ್ಲ, ಹೆದರಿಸುವ ಉಪಾಯ ಅಷ್ಟೇ. ಪ್ರತಿಯೊಬ್ಬರ ಗೆರೆ ಬೇರೆ, ವರ್ಷ ಕಳೆದರೂ ಅದು ಬದಲಾಗೋದಿಲ್ಲ ಅನ್ನೋದು ಹರ್ಷಲ್‌ಗೆ ನಂತರ ಮನವರಿಕೆಯಾಯ್ತು. 1877ರಲ್ಲಿ ಹೂಗ್ಲಿಯಲ್ಲಿದ್ದಾಗ ಪಿಂಚಣಿದಾರರ, ಕೈದಿಗಳ ಗುರುತಿಗೆ ಬಳಸಿದ.

ಗುರುತು ತಗೊಳ್ಳೋದು ಸುಲಭ, ಸ್ನೇಹಿತರೇ. ಸಾವಿರಾರು ಕಾರ್ಡುಗಳಲ್ಲಿ ಒಂದನ್ನು ಹುಡುಕೋದು ಹೇಗೆ? ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಇಂಡೆಕ್ಸಿಂಗ್ ಸಮಸ್ಯೆ. ಇದನ್ನ ಬಿಡಿಸಿದ್ದು ಕಲ್ಕತ್ತಾದಲ್ಲಿ, ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಕೈಕೆಳಗಿದ್ದ ಇಬ್ಬರು ಭಾರತೀಯರು, ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹಕ್ ಗಣಿತ ಓದಿದವರು. ಅವರ ಉಪಾಯ ಸರಳವಾಗಿ ಹೀಗೆ: ಬೆರಳಿನಲ್ಲಿ ಸುಳಿ ಇದೆಯೋ ಇಲ್ಲವೋ? ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಸೊನ್ನೆ. ಐದು ಜೋಡಿ ಬೆರಳುಗಳಿಗೆ ಬೆಲೆ 16, 8, 4, 2, 1. ಗುರುತು ಸಿಕ್ತಲ್ಲ? ಅಪ್ಪಟ ಬೈನರಿ! ಹತ್ತು ಬೆರಳು ಅಂದರೆ ಹತ್ತು ಬಿಟ್, ಒಟ್ಟು 1024 ಗೂಡುಗಳು. ಹೊಸ ಕಾರ್ಡ್ ಬಂದಾಗ ಲೆಕ್ಕ ಹಾಕಿ ಅದರ ಗೂಡಿಗೆ ಹೋಗಿ ಅಲ್ಲಿ ಮಾತ್ರ ಹುಡುಕಿದರೆ ಸಾಕು. ಕಂಪ್ಯೂಟರ್ ಇಲ್ಲದ ಕಾಲದ ಹ್ಯಾಶ್ ಟೇಬಲ್ ಅದು.

1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ವಿಭಾಗ ಶುರುವಾಯ್ತು. ಪದ್ಧತಿಗೆ ಹೆಸರು ಬಂದದ್ದು ಮಾತ್ರ ಹೆನ್ರಿಯದ್ದು. ಹಕ್, ಬೋಸ್ ಇಬ್ಬರಿಗೂ ಸರ್ಕಾರದ ಮನ್ನಣೆ ಸಿಗೋಕೆ ಎಷ್ಟೋ ವರ್ಷ ಬೇಕಾಯ್ತು. ಟೀಮಿನ ಕೆಲಸಕ್ಕೆ ಮ್ಯಾನೇಜರ್ ಹೆಸರು ಬರೋದು ಇವತ್ತಿನ ಕಥೆಯಲ್ಲ ಬಿಡಿ.

ಹೆನ್ರಿ 1900ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ, ಅಲ್ಲಿನ ಪೊಲೀಸ್ ವ್ಯವಸ್ಥೆ ಕಟ್ಟಲಿಕ್ಕೆ. 1901ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಸೇರಿದ. ಇನ್ನು ಕೆಲವೇ ವರ್ಷಗಳಲ್ಲಿ ಟ್ರಾನ್ಸ್‌ವಾಲ್‌ನಲ್ಲಿ ಹತ್ತು ಬೆರಳುಗಳ ಕಾನೂನು ಬಂತು, ಅದೂ ಅಲ್ಲಿದ್ದ ಭಾರತೀಯರ ಮೇಲೆ. 1906ರಲ್ಲಿ ಕರಡು, 1907ರಲ್ಲಿ ಕಾಯ್ದೆ. ಎಂಟು ವರ್ಷ ದಾಟಿದ ಏಷ್ಯಾದವರೆಲ್ಲ ಹೆಸರು ನೋಂದಾಯಿಸಬೇಕು, ಬೆರಳಚ್ಚು ಕೊಡಬೇಕು, ಪೊಲೀಸರು ರಸ್ತೆಯಲ್ಲಿ ಕೇಳಿದರೆ ಪತ್ರ ತೋರಿಸಬೇಕು. ಇದನ್ನು ವಿರೋಧಿಸಿ 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ಥಿಯೇಟರಿನಲ್ಲಿ ಸೇರಿದ ಸಭೆಯೇ ಸತ್ಯಾಗ್ರಹದ ಹುಟ್ಟು. 1908ರ ಆಗಸ್ಟ್ 16ರಂದು ಹಮೀದಿಯಾ ಮಸೀದಿಯ ಎದುರು ಎರಡು ಸಾವಿರಕ್ಕೂ ಹೆಚ್ಚು ಪತ್ರಗಳನ್ನು ಸುಟ್ಟರು.

ಇಲ್ಲೊಂದು ಸೂಕ್ಷ್ಮ ಇದೆ. ಅದೇ ವರ್ಷದ ಆರಂಭದಲ್ಲಿ ರಾಜಿಯಾದಾಗ ಗಾಂಧೀಜಿ ತಾವೇ ಬೆರಳಚ್ಚು ಕೊಡಲು ಹೊರಟಿದ್ದರು. ಅದಕ್ಕಾಗಿ ನಮ್ಮವರ ಕೈಯಲ್ಲೇ ಪೆಟ್ಟು ತಿಂದಿದ್ದರು. ಅವರ ತಕರಾರು ಮಸಿಯ ಬಗ್ಗೆ ಇರಲಿಲ್ಲ. ಒಂದು ಜನಾಂಗವನ್ನೇ ಸಂಶಯದಿಂದ ನೋಡಿ ಬಲವಂತ ಮಾಡೋದರ ಬಗ್ಗೆ ಇತ್ತು.

ಜಪಾನಿನಲ್ಲೂ ಇದೇ ಜಗಳ ನಡೆದಿದೆ. 1955ರಿಂದ ಅಲ್ಲಿ ನೆಲೆಸಿದ ವಿದೇಶಿಯರ ಬೆರಳಚ್ಚು ತಗೊಳ್ತಿದ್ದರು. ಅಲ್ಲೇ ಹುಟ್ಟಿ ಬೆಳೆದ ಕೊರಿಯನ್ನರು 1980ರ ದಶಕದಲ್ಲಿ ಕೊಡೋದಿಲ್ಲ ಅಂತ ನಿಂತರು. 2000ದ ಹೊತ್ತಿಗೆ ಆ ಪದ್ಧತಿ ಪೂರ್ತಿ ರದ್ದಾಯ್ತು. ಏಳು ವರ್ಷದ ನಂತರ ವಿಮಾನ ನಿಲ್ದಾಣದ ಬಾಗಿಲಿನಿಂದ ಅದು ಒಳಗೆ ಬಂತು.

ನಮ್ಮ ಕಾನೂನೇನು ಮೆತ್ತಗಿತ್ತಾ? ಯುದ್ಧಕಾಲದ ಭಯದಿಂದ ಹುಟ್ಟಿದವು 1920ರ ಪಾಸ್‌ಪೋರ್ಟ್ ಕಾಯ್ದೆ, 1939ರ ವಿದೇಶಿಯರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆ. ನಾನು ವಿದೇಶಿಯಲ್ಲ ಅಂತ ಸಾಬೀತು ಮಾಡುವ ಹೊರೆಯನ್ನು 1946ರ ಕಾಯ್ದೆ ಆ ವ್ಯಕ್ತಿಯ ತಲೆ ಮೇಲೇ ಹಾಕಿತ್ತು. ಇವನ್ನೆಲ್ಲ ತೆಗೆದು 2025ರ ಸೆಪ್ಟೆಂಬರ್ 1ರಿಂದ ಒಂದೇ ಹೊಸ ಕಾಯ್ದೆ ಜಾರಿಯಾಗಿದೆ.

ಈಗ ಕೆಲಸಕ್ಕೆ ಬರುವ ನಾಲ್ಕು ಮಾತು. ಮೊದಲನೆಯದು, ಹೋಗುವ ದೇಶದಲ್ಲಿ ಅಸಲಿ ಪಾಸ್‌ಪೋರ್ಟ್ ಜೊತೆಗಿರಬೇಕಾ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ. ಎರಡನೆಯದು, ಅಮೆರಿಕದಲ್ಲಿ ಪೊಲೀಸರು ಗಾಡಿ ನಿಲ್ಲಿಸಿದರೆ ನಮ್ಮ ಹಾಗೆ ಇಳಿದು "ಸಾರ್" ಅಂತ ಅವರತ್ತ ನಡೆಯಬೇಡಿ. ಒಳಗೇ ಕೂತಿರಿ, ಎರಡೂ ಕೈ ಸ್ಟೇರಿಂಗ್ ಮೇಲೆ ಕಾಣುವ ಹಾಗಿರಲಿ, ಕಾಗದ ಎಲ್ಲಿದೆ ಅಂತ ಹೇಳಿಯೇ ಕೈ ಚಾಚಿ. ಮೂರನೆಯದು, ಎಲ್ಲೇ ಆಗಲಿ ದುಡ್ಡು ಕೊಟ್ಟು ಮುಗಿಸೋಣ ಅನ್ನುವ ಯೋಚನೆಯೇ ಬೇಡ. ಅದೇ ದೊಡ್ಡ ಅಪರಾಧವಾಗುತ್ತೆ. ನಾಲ್ಕನೆಯದು, ಬಂಧನವಾದರೆ "ನಮ್ಮ ರಾಯಭಾರ ಕಚೇರಿಗೆ ತಿಳಿಸಿ" ಅಂತ ಕೇಳಿ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಕೊಟ್ಟಿರುವ ಹಕ್ಕು ಅದು. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಪಾಕಿಸ್ತಾನವನ್ನು ತಪ್ಪಿತಸ್ಥ ಎಂದದ್ದು ಇದೇ ವಿಧಿಯ ಮೇಲೆ.

ಇನ್ನು ಓಖ್ಲಾ. ಇಲ್ಲಿ ಗಾರ್ಮೆಂಟ್ ಫ್ಯಾಕ್ಟರಿ, ಪ್ರಿಂಟಿಂಗ್ ಪ್ರೆಸ್, ನಮ್ಮಂಥವರ ಸಾಫ್ಟ್‌ವೇರ್ ಆಫೀಸು ಎಲ್ಲ ಒಂದೇ ಗಲ್ಲಿಯಲ್ಲಿ ಇರ್ತವೆ. ಪ್ರತಿ ಗೇಟಿನಲ್ಲೂ ಒಂದು ರಿಜಿಸ್ಟರ್: ಹೆಸರೇನು, ಎಲ್ಲಿಂದ ಬಂದ್ರಿ, ಯಾರನ್ನ ನೋಡಬೇಕು. ದೆಹಲಿಯಲ್ಲಿ ಬಾಡಿಗೆದಾರರ, ಮನೆಗೆಲಸದವರ ಪೊಲೀಸ್ ವೆರಿಫಿಕೇಷನ್ ಆಗಬೇಕು. ಇದರ ಹಿಂದಿರುವ ಪೊಲೀಸ್ ಆದೇಶ ಹಳೆಯ 144ನೇ ಸೆಕ್ಷನ್‌ನದ್ದು, 2024ರ ಜುಲೈಯಿಂದ ಅದು ಹೊಸ ಸಂಹಿತೆಯ 163. ತುರ್ತು ಸಂದರ್ಭಕ್ಕೆಂದು ಇರುವ ಸೆಕ್ಷನ್ ಅದು. ಆದೇಶದ ಆಯುಸ್ಸು ಎರಡು ತಿಂಗಳು. ಮುಗಿದ ಹಾಗೆ ಮತ್ತೆ ಮತ್ತೆ ಹೊರಡಿಸ್ತಾರೆ.

ನಮ್ಮ ಮನೆಗೆ ಅಡುಗೆಗೆ ಬರುವ ದೀದಿಯ ಫಾರಂ ತುಂಬಿಸೋಕೆ ಒಂದು ಭಾನುವಾರ ಕೂತಿದ್ದೆ. ಜಿಲ್ಲೆ ಯಾವುದು ಅಂತ ಕೇಳಿದೆ. ಮುರ್ಷಿದಾಬಾದ್ ಅಂದರು. ಸಹಿಯ ಜಾಗಕ್ಕೆ ಇಂಕ್ ಪ್ಯಾಡ್ ಮುಂದಿಟ್ಟೆ. ಅವರು ಬೆರಳು ಮುಂದೆ ತರಲಿಲ್ಲ. "ಭೈಯ್ಯಾ, ಎರಡು ವರ್ಷದಿಂದ ನಿಮ್ಮನೆ ಬೀಗದ ಕೈ ನನ್ನ ಹತ್ತಿರ ಇದೆ. ಈಗ ನಾನು ಕಳ್ಳಿನಾ?" ಅಂತ ಹಿಂದಿಯಲ್ಲಿ ಕೇಳಿದರು.

ಅವರ ಹೆದರಿಕೆಗೆ ಕಾರಣ ಇತ್ತು. 2025ರಲ್ಲಿ ದೆಹಲಿ, ಗುರುಗ್ರಾಮಗಳಲ್ಲಿ ಬಾಂಗ್ಲಾದೇಶಿಯರನ್ನು ಹುಡುಕುವ ತಪಾಸಣೆ ನಡೆದಾಗ, ಬಂಗಾಳಿ ಮಾತಾಡುವ ಎಷ್ಟೋ ಕೂಲಿಕಾರರು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಟಿದ್ದರು. ನನಗೆ ಜಪಾನಿನಲ್ಲಿ ಹದಿನೈದು ನಿಮಿಷ ಆದದ್ದು ಅವರಿಗೆ ಸ್ವಂತ ದೇಶದಲ್ಲಿ ದಿನವೂ ಆಗ್ತಿತ್ತು. ಈ ಸಲ ಕಾಗದ ಕೇಳ್ತಿದ್ದವನು ನಾನು.

ನಮ್ಮಜ್ಜ ನೆನಪಾದರು. ಸೊಸೈಟಿ ಸಾಲಕ್ಕೆ ಹೆಬ್ಬೆಟ್ಟು ಒತ್ತಿ, ಮಸಿ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಬರ್ತಿದ್ದರು. ನಮ್ಮ ಕಡೆ 'ಹೆಬ್ಬೆಟ್ಟು' ಅನ್ನೋದು ಬೈಗುಳವೇ ಅಲ್ಲವಾ?

ಫಾರಂ ಹರಿದು ಹಾಕಿದೆ ಅಂತ ಹೇಳಿದರೆ ಸುಳ್ಳಾಗುತ್ತೆ. ಕಾನೂನು ಇದೆ, ತುಂಬಿಸಿದೆ. ಆದರೆ ಅವತ್ತು ಪ್ಯಾಡ್ ಮುಚ್ಚಿಟ್ಟೆ. ಫಾರಂನಲ್ಲಿ ಏನೇನು ಬರೆದಿದೆ ಅಂತ ಒಂದೊಂದೇ ಸಾಲು ಹಿಂದಿಯಲ್ಲಿ ಓದಿ ಹೇಳಿದೆ. ಒಂದು ಪ್ರತಿ ಅವರಿಗೂ ತೆಗೆಸಿಕೊಟ್ಟೆ. ಮಾರನೇ ವಾರ ಅವರೇ ಕೇಳಿ ಬೆರಳು ಒತ್ತಿದರು. ಠಾಣೆಗೆ ನಾನೂ ಜೊತೆಗೆ ಹೋದೆ. ಬಾಡಿಗೆ ಮನೆಯವನಾಗಿ ನನ್ನ ಫಾರಂ ಕೂಡ ಅಲ್ಲೇ ಇತ್ತು. ಮೇಜಿನ ಮೇಲೆ ಎರಡೂ ಒಂದರ ಮೇಲೊಂದು ಬಿದ್ದಿದ್ದವು, ಮೇಲೆ ಹಾಸನ ಜಿಲ್ಲೆ, ಕೆಳಗೆ ಮುರ್ಷಿದಾಬಾದ್ ಜಿಲ್ಲೆ.

ಮುಂದಿನ ಸಲ ಇಮಿಗ್ರೇಷನ್ ಕೌಂಟರಿನಲ್ಲಿ ಗಾಜಿನ ಮೇಲೆ ಬೆರಳು ಇಡುವಾಗ ರಾಜ್ಯಧರ ಕೊನಾಯಿಯನ್ನು ಒಮ್ಮೆ ನೆನೆಸಿಕೊಳ್ಳಿ. ಮನೆಗೆ ಬಂದ ಮೇಲೆ, ನೀವು ಯಾರ ಕಾಗದ ಕೇಳ್ತಿದ್ದೀರಿ, ಯಾವ ದನಿಯಲ್ಲಿ ಕೇಳ್ತಿದ್ದೀರಿ ಅನ್ನೋದನ್ನೂ ಸ್ವಲ್ಪ ಗಮನಿಸಿ.