ಕಿವಿಯ ಬಾಗಿಲಲ್ಲಿ ಮಂದ್ರ

ಕಛೇರಿ ಆರಂಭವಾಗುವುದಕ್ಕೆ ಕೆಲವು ನಿಮಿಷಗಳ ಮುನ್ನ ವೇದಿಕೆಯ ಮೇಲೆ ನಡೆಯುವ ಒಂದು ಚಿಕ್ಕ ಕಾರ್ಯವನ್ನು ಸಭಿಕರಲ್ಲಿ ಅನೇಕರು ಗಮನಿಸುವುದಿಲ್ಲ. ಮೃದಂಗವಾದಕರು ನೀರಿನಲ್ಲಿ ಕಲಸಿದ ರವೆಯ ಮುದ್ದೆಯೊಂದನ್ನು ವಾದ್ಯದ ಎಡಮುಖದ, ಎಂದರೆ ತೊಪ್ಪಿಯ, ನಡುವೆ ಒತ್ತಿ ಹರಡಿ, ಅಂಗೈಯಿಂದ ಒಮ್ಮೆ ತಟ್ಟಿ, ತಲೆಬಾಗಿಸಿ ಆಲಿಸಿ, ಬೆರಳಿನಿಂದ ಚಿಟಿಕೆಯಷ್ಟನ್ನು ಕಿತ್ತು ತೆಗೆದು, ಮತ್ತೆ ತಟ್ಟುವರು. ಮುದ್ದೆ ಹೆಚ್ಚಾದರೆ ನಾದವು ಜಡವಾಗಿ ಹೂತುಹೋಗುತ್ತದೆ. ಕಡಿಮೆಯಾದರೆ ಬರಿಯ ಚರ್ಮದ ಸಪ್ಪಳವಾಗಿ ಉಳಿಯುತ್ತದೆ. ಇವೆರಡರ ನಡುವೆ, ಶ್ರುತಿಗೆ ಸೇರಿ, ತುಂಬಿ ಬಂದು, ಮುಂದಿನ ಹೊಡೆತಕ್ಕೆ ಎಡೆಗೊಟ್ಟು ಸರಿಯುವ ಮಂದ್ರನಾದವೊಂದಿದೆ. ಇಂದು ಅಂಗಡಿಯ ಮುಂದೆ ನಿಂತು, ತನ್ನ ಹಳೆಯ ಇಯರ್‌ಫೋನಿಗಿಂತ ಉತ್ತಮವಾದುದನ್ನು ಕೊಳ್ಳಬಯಸುವ ತರುಣನು “ಇದರಲ್ಲಿ ಬೇಸ್ ಹೇಗಿದೆ?” ಎಂದು ವಿಚಾರಿಸುವಾಗ, ತಿಳಿದೋ ತಿಳಿಯದೆಯೋ ಅವನು ಕೇಳುತ್ತಿರುವುದು ಆ ಚಿಟಿಕೆ ರವೆಯ ಲೆಕ್ಕವನ್ನೇ.

ವಿದ್ಯುತ್ತಿನ ಬೆಂಬಲದಿಂದ ಸಂಗೀತವನ್ನು ನೇರವಾಗಿ ಕಿವಿಗೆ ತಲುಪಿಸುವ ಸಾಹಸದ ಆದಿಕಾಲದಲ್ಲಿ ಈ ಪ್ರಶ್ನೆಗೆ ಅವಕಾಶವೇ ಇರಲಿಲ್ಲ. 1881ರಲ್ಲಿ ಪ್ಯಾರಿಸ್ ನಗರದ ವಿದ್ಯುತ್ ಪ್ರದರ್ಶನದ ಸಮಯದಲ್ಲಿ ಕ್ಲೆಮಾಂ ಅದೇರ್ ಎಂಬ ಯಂತ್ರಜ್ಞನು ಆಪೆರಾ ರಂಗಸ್ಥಳದ ಅಂಚಿನಲ್ಲಿ ಟೆಲಿಫೋನ್ ಪ್ರೇಷಕಗಳನ್ನಿರಿಸಿ, ದೂರದ ಕೊಠಡಿಯಲ್ಲಿ ನಿಂತವರು ಕಿವಿಗೊಂದರಂತೆ ಎರಡು ಗ್ರಾಹಕಗಳನ್ನು ಹಿಡಿದು ಗಾನವನ್ನು ಆಲಿಸುವಂತೆ ಮಾಡಿದಾಗ, ಕಾಣದ ಗಾಯಕನ ಕಂಠ ಕೇಳಿಸಿತೆಂಬುದೇ ಪರಮಾಶ್ಚರ್ಯವಾಗಿತ್ತು; ಮಾತಿಗಾಗಿ ರಚಿತವಾದ ಆ ಉಪಕರಣವು ವಾದ್ಯವೃಂದದ ಮಂದ್ರವನ್ನು ಹೊರಲಾರದೆಂಬ ಕೊರತೆ ಆ ವಿಸ್ಮಯದಲ್ಲಿ ಮುಚ್ಚಿಹೋಗಿದ್ದಿರಬೇಕು. 1891ರಲ್ಲಿ ಫ್ರಾನ್ಸಿನ ಅರ್ನೆಸ್ಟ್ ಮರ್ಕಾದಿಯೆ ಎಂಬಾತನು ರಬ್ಬರಿನ ಹೊದಿಕೆಯುಳ್ಳ, ಕಿವಿಯ ರಂಧ್ರದೊಳಕ್ಕೇ ಸೇರಿಸತಕ್ಕ ಜೋಡಿ ಗ್ರಾಹಕಕ್ಕೆ ಪೇಟೆಂಟ್ ಪಡೆದನು. 1910ರ ಸುಮಾರಿಗೆ ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್ವಿನ್ನನು ತನ್ನ ಮನೆಯ ಅಡುಗೆಕೋಣೆಯಲ್ಲಿ ಕುಳಿತು ತಯಾರಿಸಿದ ಹೆಡ್‌ಫೋನುಗಳನ್ನು ಆ ದೇಶದ ನೌಕಾಪಡೆಯು ಕೊಂಡುಕೊಂಡಿತು. ಆದರೆ ನಾವಿಕನಿಗೆ ಬೇಕಾದುದು ಕ್ಷೀಣವಾದ ತಂತಿರಹಿತ ಸಂಕೇತವೇ ಹೊರತು ಸಂಗೀತದ ಗಾಂಭೀರ್ಯವಲ್ಲ.

ಕಿವಿಯ ಉಪಕರಣವೊಂದನ್ನೇ ದೂರುವುದೂ ನ್ಯಾಯವಲ್ಲ. 1925ರಲ್ಲಿ ವಿದ್ಯುತ್ ಮುದ್ರಣವು ರೂಢಿಗೆ ಬರುವವರೆಗೆ, ಗಾಯಕರೂ ವಾದಕರೂ ದೊಡ್ಡ ಕೊಂಬಿನ ಮುಂದೆ ಒತ್ತೊತ್ತಾಗಿ ನಿಂತು ನುಡಿಸಿದ ಗ್ರಾಮಫೋನ್ ತಟ್ಟೆಗಳಲ್ಲಿ ಮಂದ್ರಸ್ವರಗಳು ಬಹುಮಟ್ಟಿಗೆ ಅಡಗಿಹೋಗುತ್ತಿದ್ದುದರಿಂದ, ಡಬಲ್ ಬೇಸ್ ಪಿಟೀಲಿನ ಸ್ಥಾನದಲ್ಲಿ ಟ್ಯೂಬಾ ಎಂಬ ಹಿತ್ತಾಳೆಯ ಊದುವಾದ್ಯವನ್ನು ನಿಲ್ಲಿಸಿ ಮುದ್ರಿಸುವ ಪರಿಪಾಠವಿತ್ತು.

ಹಾಗಿದ್ದೂ ಕೇಳುಗರು ತೃಪ್ತರಾಗಿದ್ದರೆಂದರೆ ಅದಕ್ಕೆ ಕಿವಿಯ ಔದಾರ್ಯವೇ ಕಾರಣ. ಸ್ವರವೊಂದರ ಮೂಲಕಂಪನವು ಅತ್ಯಂತ ಕ್ಷೀಣವಾಗಿದ್ದರೂ, ಅದರ ಮೇಲಣ ಅಂಶಸ್ವರಗಳು ಉಳಿದಿದ್ದರೆ, ಕೇಳುವವನು ಆ ಮೂಲಸ್ವರದ ಶ್ರುತಿಯನ್ನೇ ಗ್ರಹಿಸುವನೆಂಬುದನ್ನು ಜರ್ಮನಿಯ ಆಗಸ್ಟ್ ಸೀಬೆಕ್ 1841ರಲ್ಲಿಯೇ ಸೈರನ್ ಯಂತ್ರದಿಂದ ತೋರಿಸಿದ್ದನು. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ಯನ್ನು ಸ್ಥಾಪಿಸಿದ ಮೇಲೆ, ಸಣ್ಣ ರೇಡಿಯೋ ಯಂತ್ರಗಳ ಮುಂದೆ ಕುಳಿತವರು ತೊಪ್ಪಿಯ ನಾದವನ್ನು ಬಹುಮಟ್ಟಿಗೆ ತಮ್ಮ ಮನಸ್ಸಿನಿಂದಲೇ ತುಂಬಿಕೊಂಡಿರಬೇಕು; ಆ ನಿಲಯದ ಸ್ಥಾಪಕರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದುದು ಸೊಗಸಾದ ಆಕಸ್ಮಿಕ. ಇದಕ್ಕೆರಡು ವರ್ಷ ಮೊದಲು, 1933ರಲ್ಲಿ, ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬವರು ಕಿವಿಯ ಇನ್ನೊಂದು ಪಕ್ಷಪಾತವನ್ನು ಅಳೆದು ಪ್ರಕಟಿಸಿದ್ದರು: ಧ್ವನಿಯು ಮೆಲ್ಲಗಿದ್ದಾಗ ಮಂದ್ರವು ಉಳಿದ ಸ್ವರಗಳಿಗಿಂತ ಬೇಗ ಮರೆಯಾಗುತ್ತದೆ, ಧ್ವನಿಯನ್ನು ಏರಿಸಿದರೆ ಅದೇ ಮಂದ್ರವು ಪುಷ್ಟವಾಗಿ ಮರಳುತ್ತದೆ. ಎರಡು ಉಪಕರಣಗಳಲ್ಲಿ ತುಸು ಗಟ್ಟಿಯಾಗಿ ನುಡಿಯುವುದಕ್ಕೆ ಬೇಸ್ ಹೆಚ್ಚೆಂದು ತೀರ್ಪು ಕೊಡುವ ಪ್ರಮಾದವು ಇಲ್ಲಿಂದಲೇ ಹುಟ್ಟುತ್ತದೆ.

ಮಂದ್ರವು ನಿಜವಾಗಿ ಕಿವಿಯನ್ನು ಹೊಕ್ಕುದು ಕಿವುಡರ ಸೇವೆಗಾಗಿ ನಡೆದ ಪರಿಶ್ರಮದ ಫಲವಾಗಿ. ಸೆಕೆಂಡಿಗೆ 40 ಸಲ ಕಂಪಿಸುವ ಸ್ವರದ ಅಲೆಯು ಬಯಲಿನಲ್ಲಿ ಸುಮಾರು 8.5 ಮೀಟರು ಉದ್ದವಿರುತ್ತದೆ. ಕಿವಿಯ ನಾಳವಾದರೋ ಎರಡೂವರೆ ಸೆಂಟಿಮೀಟರು. ಆದರೂ ನಾಳದ ಬಾಯನ್ನು ಬಿಗಿಯಾಗಿ ಮುಚ್ಚಿದರೆ, ಒಳಗೆ ಸೆರೆಯಾದ ಚಮಚದಷ್ಟೂ ಇಲ್ಲದ ಗಾಳಿಯನ್ನು ಒತ್ತಿ ಸಡಿಲಿಸಲು ಕಾಳಿನಷ್ಟು ಯಂತ್ರವೂ ಸಾಕು. ಎಲ್ಲಿಯಾದರೂ ಸಣ್ಣ ಬಿರುಕು ಉಳಿದರೆ ಮೊದಲು ಸೋರಿಹೋಗುವುದು ಮಂದ್ರವೇ. ಶ್ರವಣಸಾಧನಗಳನ್ನು ನಿರ್ಮಿಸುವವರು ಇದನ್ನು ಬಲ್ಲರು. 1979ರಲ್ಲಿ ಸೋನಿ ವಾಕ್‌ಮನ್ ಬಂದು ಸಂಗೀತವನ್ನು ಬೀದಿಗಿಳಿಸಿದ ಮೇಲೆ ಜನಪ್ರಿಯವಾದ, ಕಿವಿಯ ಬಾಗಿಲಲ್ಲಿ ಸುಮ್ಮನೆ ತಗುಲಿಕೊಂಡಿರುವ ಗುಂಡಿಯಂತಹ ಇಯರ್‌ಫೋನುಗಳಿಗೆ ಈ ಬಿಗಿಯಿರಲಿಲ್ಲ. ಶ್ರವಣಸಾಧನ ಕ್ಷೇತ್ರದಲ್ಲಿ ಪಳಗಿದ ಮೀಡ್ ಕಿಲಿಯನ್ನರ ಎಟಿಮೋಟಿಕ್ ಸಂಸ್ಥೆಯು 1991ರಲ್ಲಿ ಹೊರತಂದ ‘ಇಆರ್-4’ ಎಂಬ ಇಯರ್‌ಫೋನು, ರಬ್ಬರ್ ಬಿರಡೆಯೊಡನೆ ನಾಳದೊಳಗೆ ಆಳವಾಗಿ ಸೇರಿ, ಬಾಗಿಲನ್ನು ಮುಚ್ಚಿತು. 1995ರಲ್ಲಿ ಜೆರ್ರಿ ಹಾರ್ವಿ ಎಂಬಾತನು, ಅಲೆಕ್ಸ್ ವ್ಯಾನ್ ಹೇಲನ್ ಎಂಬ ಡ್ರಮ್‌ ವಾದಕನು ವೇದಿಕೆಯ ಗದ್ದಲದ ನಡುವೆ ಸಂಗೀತವನ್ನು ಸ್ಪಷ್ಟವಾಗಿ ಕೇಳುವಂತಾಗಲೆಂದು, ಕೆಳಸ್ವರಕ್ಕೊಂದು ಮೇಲುಸ್ವರಕ್ಕೊಂದು ಯಂತ್ರವುಳ್ಳ ಸಾಧನವನ್ನು ರಚಿಸಿದನು.

ಹೀಗೆ ಶತಮಾನಕ್ಕೂ ಮಿಕ್ಕ ಕಾಲ ಮಂದ್ರದ ಅಭಾವದಿಂದ ಬಳಲಿದ ಉಪಕರಣವು, ಅದು ಕೈಗೆಟುಕಿದೊಡನೆ ಅತಿಯ ಕಡೆಗೆ ವಾಲಿತು. ‘ಹೆಚ್ಚು ಬೇಸ್’ ಎಂಬುದು ಡಬ್ಬಿಯ ಮೇಲಿನ ಬಿರುದಾಯಿತು. ಜನರ ಆಸೆಯನ್ನು ಸುಳ್ಳೆನ್ನಲಾಗದು: 2010ರ ದಶಕದಲ್ಲಿ ಶಾನ್ ಆಲಿವ್, ಟಾಡ್ ವೆಲ್ಟಿ ಮೊದಲಾದ ಸಂಶೋಧಕರು ಉಪಕರಣದ ಹೆಸರು ಕಾಣಿಸದಂತೆ ನಡೆಸಿದ ಪರೀಕ್ಷೆಗಳಲ್ಲಿಯೂ ಬಹುಮಂದಿ ಮಂದ್ರವು ತುಸು ಏರಿರುವುದನ್ನೇ ಮೆಚ್ಚಿದರು. ಆದರೆ ಎಷ್ಟು ಎಂಬುದು ಅವರವರ ರುಚಿ. ಎಂತಹುದು ಎಂಬುದಕ್ಕೆ ಮಾತ್ರ ಒರೆಗಲ್ಲುಂಟು. ಸಾಮಾನ್ಯವಾದ ಚರ್ಮವಾದ್ಯದ ಹೊಡೆತದಲ್ಲಿ ನಿಶ್ಚಿತವಾದ ಸ್ವರವಿರುವುದಿಲ್ಲ. ಮೃದಂಗ ತಬಲಗಳಲ್ಲಿಯಾದರೋ ಚರ್ಮದ ಮೇಲೆ ಬಳಿದ ಲೇಪದ ಭಾರದಿಂದ ಅಂಶಸ್ವರಗಳು ತಂತಿವಾದ್ಯದಲ್ಲಿರುವಂತೆ ಸಾಮರಸ್ಯಕ್ಕೆ ಬರುತ್ತವೆಂಬುದನ್ನು ಸಿ. ವಿ. ರಾಮನ್ನರು 1920ರಲ್ಲಿ ಸಾರಿ, 1934ರಲ್ಲಿ ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿಸ್ತರಿಸಿದರು. ಚರ್ಮಕ್ಕೆ ಸ್ವರವನ್ನು ಕಲಿಸಿದ ಕುಶಲಿಗಳ ನಾಡಿನವರಾದ ನಾವು, ಸ್ವರವಿಲ್ಲದ ಗುಡುಗನ್ನು ಮಂದ್ರವೆಂದು ಒಪ್ಪತಕ್ಕದ್ದಲ್ಲ.

ಆದುದರಿಂದ ಇಯರ್‌ಫೋನನ್ನು ಬದಲಿಸಬಯಸುವವರು ಚೆನ್ನಾಗಿ ಪರಿಚಿತವಾದ ಕಛೇರಿಯ ಮುದ್ರಣವೊಂದನ್ನು ಆಯ್ದು, ಹಳೆಯದರಲ್ಲಿಯೂ ಹೊಸದರಲ್ಲಿಯೂ ಗಾಯಕನ ಕಂಠವು ಸಮಾನವಾಗಿ ಕೇಳಿಸುವಷ್ಟಕ್ಕೆ ಧ್ವನಿಯನ್ನು ಹೊಂದಿಸಿ, ಮೂರನ್ನು ವಿಚಾರಿಸಲಿ. ತಂಬೂರಿಯ ಮಂದ್ರದ ತಂತಿಯು ಬರಿಯ ಗುಂಯ್‌ಗುಟ್ಟದೆ ತನ್ನ ಶ್ರುತಿಯನ್ನು ನುಡಿಯುತ್ತದೆಯೆ? ತೊಪ್ಪಿಯ ಹೊಡೆತವು ತಟ್ಟನೆ ಹುಟ್ಟಿ, ಮುಂದಿನದು ಬರುವಷ್ಟರಲ್ಲಿ ಸರಿದು ದಾರಿ ಬಿಡುತ್ತದೆಯೆ? ಅದು ತುಂಬಿ ನುಡಿದಾಗಲೂ ಗಾಯಕನ ಕಂಠದ ಮೇಲೆ ಮಂಜು ಕವಿಯದೆ ಉಳಿಯುತ್ತದೆಯೆ? ಈ ಮೂರಕ್ಕೂ ಹೌದೆಂದು ಉತ್ತರ ಬಂದರೆ ಬೇಸ್ ಒಳ್ಳೆಯದು, ಅದರ ಪ್ರಮಾಣ ಕೊಂಚ ಕಡಿಮೆಯೆನಿಸಿದರೂ ಸರಿಯೆ. ಆದರೆ ಹಣದ ಚೀಲವನ್ನು ಬಿಚ್ಚುವುದಕ್ಕೆ ಮೊದಲು, ಕೈಯಲ್ಲಿರುವ ಹಳೆಯದಕ್ಕೇ ಒಂದು ಅಳತೆ ದೊಡ್ಡದಾದ ರಬ್ಬರ್ ಬಿರಡೆಯನ್ನು ತೊಡಿಸಿ ಒಮ್ಮೆ ಕೇಳಿ ನೋಡಿರಿ. ಇಲ್ಲವೆಂದು ನೀವು ಕೊರಗುತ್ತಿದ್ದ ಮಂದ್ರವು ಇಷ್ಟು ದಿನ ಆ ಸಂದಿನಿಂದ ಸೋರಿಹೋಗುತ್ತಿದ್ದಿರಬಹುದು.